ಸಿಹಿ ಗಾಡಿ ಇಡುವ ಮುನ್ನ: ಮೊದಲು ಜಾಗ ನೋಡಿ, ಆಮೇಲೆ ಗಾಡಿ

ಸಂಜೆ ಹೊತ್ತು ತುಮಕೂರಿನ ಪೇಟೆ ಬೀದಿಯಲ್ಲಿ ಬಣ್ಣದ ದೀಪ ಹಾಕಿಕೊಂಡ ಕುಲ್ಫಿ ಗಾಡಿ ನಿಂತಿದ್ದರೆ ಜನ ಸೇರುವುದು ಬರೀ ರುಚಿಗಲ್ಲ. ಒಳಗೆ ಹೋಗಿ ಕೂರಬೇಕಿಲ್ಲ, ಮೆನು ಕಾರ್ಡ್ ಓದಬೇಕಿಲ್ಲ, ಸ್ಕೂಟರ್‌ನಿಂದ ಇಳಿಯದೆಯೂ ತಿನ್ನಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಮಾಡುವ ಕೈ ಕಣ್ಣೆದುರೇ ಕಾಣುತ್ತದೆ.

ಇಂಥದೊಂದು ಗಾಡಿ ಇಡಲು ಹೊರಟವರು ಮಾಡುವ ಮೊದಲ ಲೆಕ್ಕಾಚಾರವೇ ಸಾಮಾನ್ಯವಾಗಿ ತಲೆಕೆಳಗು. ಚಕ್ರ ಇದೆಯಲ್ಲ, ಊರೆಲ್ಲ ಸುತ್ತಿ ಮಾರೋಣ ಅನ್ನುತ್ತಾರೆ. ಆದರೆ ನಿನ್ನೆ ತಿಂದವರು ಇವತ್ತು ಅದೇ ಜಾಗಕ್ಕೆ, ಅದೇ ಹೊತ್ತಿಗೆ ಬರುತ್ತಾರೆ. ಅಲ್ಲಿ ನೀವಿಲ್ಲದಿದ್ದರೆ ಪಕ್ಕದ ಬೇಕರಿಗೆ ಹೋಗುತ್ತಾರೆ. ಚಕ್ರ ಇರುವುದು ರಾತ್ರಿ ಮನೆ ಸೇರುವುದಕ್ಕೆ, ಜಾತ್ರೆ ಬಂದಾಗ ಜಾಗ ಬದಲಿಸುವುದಕ್ಕೆ.

ಜಾಗ

ಗಾಡಿಗೆ ಮುಂಗಡ ಕೊಡುವ ಮೊದಲು ನಾಲ್ಕೈದು ಸಂಜೆ ಸುಮ್ಮನೆ ನಿಂತು ನೋಡಿ. ಬಿ.ಎಚ್. ರಸ್ತೆಯಲ್ಲಿ ಜನ ಹೆಚ್ಚು, ನಿಲ್ಲುವವರು ಕಡಿಮೆ. ಅದಕ್ಕೆ ಬಂದು ಸೇರುವ ಅಡ್ಡರಸ್ತೆಯ ಒಳಗೆ ಹತ್ತಿಪ್ಪತ್ತು ಹೆಜ್ಜೆ ಸರಿದು ನಿಂತರೆ ಸ್ಕೂಟರ್ ನಿಲ್ಲಿಸಲು ಎಡೆ ಸಿಗುತ್ತದೆ. ಎಸ್.ಎಸ್. ಪುರಂ, ಸಿದ್ಧಗಂಗಾ ಎಂಜಿನಿಯರಿಂಗ್ ಕಾಲೇಜಿನ ಆಸುಪಾಸು ವಿದ್ಯಾರ್ಥಿಗಳಿಂದ ಗಿಜಿಗುಡುತ್ತದೆ ನಿಜ, ಆದರೆ ರಜೆ ಶುರುವಾದ ದಿನವೇ ವ್ಯಾಪಾರ ಮಲಗುತ್ತದೆ. ಅಮಾನಿಕೆರೆ ಕಡೆ ವಾಕಿಂಗ್‌ಗೆ ಬಂದವರು ಸಿಹಿ ಮುಟ್ಟುವುದಿಲ್ಲ, ಅವರ ಜೊತೆ ಬಂದ ಮಕ್ಕಳು ಮುಟ್ಟಿಸುತ್ತಾರೆ. ರೈಲು ನಿಲ್ದಾಣದ ಮುಂದೆ, ಬೆಂಗಳೂರಿನಿಂದ ದುಡಿದು ದಣಿದು ಇಳಿಯುವವರಿಗೆ ನಿಂತು ತಿನ್ನುವ ವ್ಯವಧಾನವಿಲ್ಲ. ಅಲ್ಲಿ ಪಾರ್ಸೆಲ್ ಕಟ್ಟಿಕೊಡುವ ಸಿಹಿಯಷ್ಟೇ ನಡೆದೀತು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲುಗಳ ಮುಂದೆ ನಿಲ್ಲುವ ಆಸೆ ಎಲ್ಲರಿಗೂ ಬರುತ್ತದೆ. ಬೆಳಗಿನ ಎಂಟು ಗಂಟೆಗೆ ಬಿಸಿ ಇಡ್ಲಿ ತಿಂದವರು ಕುಲ್ಫಿ ಕೇಳುವುದು ಅಪರೂಪ. ನನ್ನ ಓಟು ಮನೆಗಳ ನಡುವಿನ ಸಂಜೆ ಬೀದಿಗೆ.

ಕಾಗದಪತ್ರ

ಆಹಾರ ಸುರಕ್ಷತೆಯ ನೋಂದಣಿ ಕಡ್ಡಾಯ. 2011ರ ನಿಯಮದಂತೆ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿನವರನ್ನು ಸಣ್ಣ ವ್ಯಾಪಾರಿಗಳೆಂದು ಪರಿಗಣಿಸಿ, ವರ್ಷಕ್ಕೆ 100 ರೂಪಾಯಿ ಶುಲ್ಕ ಇಟ್ಟಿದ್ದರು. ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಸಿಗುವ 14 ಅಂಕಿಯ ಸಂಖ್ಯೆಯನ್ನು ಗಾಡಿಯ ಮೇಲೆ ಕಾಣುವಂತೆ ಬರೆಸಿ. ಬೀದಿಬದಿ ವ್ಯಾಪಾರಿಗಳ 2014ರ ಕಾಯ್ದೆಯಡಿ ಪಟ್ಟಣ ಮಾರಾಟ ಸಮಿತಿಯ ಸಮೀಕ್ಷೆಯಲ್ಲಿ ಹೆಸರು ಸೇರಿಸಿ, ಮಹಾನಗರ ಪಾಲಿಕೆಯಿಂದ ಪ್ರಮಾಣಪತ್ರ ಪಡೆಯಿರಿ. ಅದಿದ್ದರೆ ಕೇಂದ್ರ ಸರ್ಕಾರದ ಪಿಎಂ ಸ್ವನಿಧಿ ಯೋಜನೆಯ ಜಾಮೀನಿಲ್ಲದ ಸಾಲಕ್ಕೂ ದಾರಿ: ಮೊದಲ ಕಂತು 15,000, ತೀರಿಸಿದವರಿಗೆ 25,000, ಆಮೇಲೆ 50,000. ಟಾಟಾ ಏಸ್‌ನಂಥ ಗಾಡಿಯ ಹಿಂಭಾಗ ಕತ್ತರಿಸಿ ಕಟ್ಟಿಸುವುದಾದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ. ಆರ್‌.ಸಿ.ಯಲ್ಲಿ ನಮೂದಾಗದ ಬದಲಾವಣೆಗೆ ದಂಡವೂ ಉಂಟು, ಅಪಘಾತವಾದರೆ ವಿಮೆಯ ತಕರಾರೂ ಉಂಟು.

ಗಾಡಿ

ಮಾರುವ ಕಿಟಕಿ ಎಡಕ್ಕೇ ತೆರೆಯಬೇಕು. ನಾವು ಎಡಬದಿಯಲ್ಲಿ ನಿಲ್ಲಿಸುವುದು, ಬಲಕ್ಕೆ ಕಿಟಕಿ ಇಟ್ಟರೆ ಗಿರಾಕಿ ನಡುರಸ್ತೆಯಲ್ಲಿ ನಿಂತು ತಿನ್ನಬೇಕಾಗುತ್ತದೆ. ಶುದ್ಧ ನೀರಿಗೊಂದು, ಕೊಳೆ ನೀರಿಗೊಂದು ಬೇರೆ ಬೇರೆ ಕ್ಯಾನ್ ಇರಲಿ. ಜನರೇಟರ್ ಬೇಡ, ಅದರ ಸದ್ದಿಗೆ ಮಾತೇ ಕೇಳಿಸದು. ರಾತ್ರಿ ಮನೆಯಲ್ಲಿ ಪ್ಲಗ್ ಹಾಕಿದರೆ ತಂಪು ಹಿಡಿದಿಟ್ಟುಕೊಂಡು ಮರುದಿನ ಹಲವು ತಾಸು ಕರೆಂಟಿಲ್ಲದೆ ನಡೆಯುವ ಯುಟೆಕ್ಟಿಕ್ ಪ್ಲೇಟಿನ ಫ್ರೀಜರ್‌ಗಳು ಐಸ್‌ಕ್ರೀಮ್ ಗಾಡಿಗಳಿಗೆಂದೇ ಬರುತ್ತವೆ. ಪ್ಲಾಸ್ಟಿಕ್ ಚಮಚ, ಐಸ್‌ಕ್ರೀಮ್ ಕಡ್ಡಿ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ಬಿದಿರು ಕಡ್ಡಿ, ಮರದ ಚಮಚ ತನ್ನಿ. ಗುಬ್ಬಿ, ಚಿಕ್ಕನಾಯಕನಹಳ್ಳಿ ಕಡೆ ಅಡಿಕೆ ತೋಟಗಳಿರುವಾಗ ತಟ್ಟೆಗೆ ಹಾಳೆ ಬಿಟ್ಟು ಬೇರೇನೂ ಹುಡುಕಬೇಕಿಲ್ಲ.

ಏನು ಮಾರಬೇಕು

ಎರಡೇ ಐಟಂ. ಮೂರನೆಯದು ಸೇರಿದರೆ ಸರದಿ ನಿಧಾನವಾಗುತ್ತದೆ, ಉಳಿಕೆ ಹೆಚ್ಚುತ್ತದೆ. ಒಂದು ಹಾಲಿನ ಕುಲ್ಫಿ, ಇನ್ನೊಂದು ಈ ನೆಲದ ಹಣ್ಣಿನದು.

ಕುಲ್ಫಿಗೆ ನಂದಿನಿ ಸಮೃದ್ಧಿಯಂಥ ಶೇ 6 ಜಿಡ್ಡಿನ ಗಟ್ಟಿ ಹಾಲು ಬೇಕು. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಿಟ್ಟು, ಅಂಚಿಗೆ ಕಟ್ಟಿದ ಕೆನೆಯನ್ನು ಮತ್ತೆ ಮತ್ತೆ ಕೆರೆದು ಹಾಲಿಗೇ ಬಿಡುತ್ತ ಅರ್ಧಕ್ಕೆ ಇಳಿಸಿ. ತಳ ಹಿಡಿದರೆ ಆ ಹಾಲನ್ನು ಮರೆತುಬಿಡಿ, ಏಲಕ್ಕಿ ಎಷ್ಟು ಹಾಕಿದರೂ ಸೀದ ವಾಸನೆ ಹೋಗದು. ಒಂದು ಲೀಟರಿಗೆ 100 ಗ್ರಾಂ ಸಕ್ಕರೆ. ಬಿಸಿಯಲ್ಲಿ ರುಚಿ ನೋಡಿದಾಗ ಸಿಹಿ ತುಸು ಮುಂದಾಗಿಯೇ ಇರಬೇಕು, ತಣ್ಣಗಾದ ಮೇಲೆ ನಾಲಗೆಗೆ ಅಷ್ಟು ಹತ್ತುವುದಿಲ್ಲ. ಹಾಗೆಂದು ಸುರಿಯಬೇಡಿ, ಸಕ್ಕರೆ ಅತಿಯಾದರೆ ಕುಲ್ಫಿ ಗಟ್ಟಿಯಾಗುವುದೇ ಇಲ್ಲ. ಹೀಗೆ ಇಳಿಸಿದ್ದರಲ್ಲಿ 60 ಮಿ.ಲೀ. ಅಚ್ಚಿನ ಎಂಟೊಂಬತ್ತು ಕುಲ್ಫಿ ಆಗುತ್ತವೆ. ಐಸ್‌ಕ್ರೀಮಿನಂತೆ ಇದನ್ನು ಕಡೆದು ಗಾಳಿ ತುಂಬುವುದಿಲ್ಲ, ಹಾಗಾಗಿ ಕರಗುವುದೂ ನಿಧಾನ. ಬೀದಿ ವ್ಯಾಪಾರಕ್ಕೆ ಇದು ಒಗ್ಗಿದ್ದೇ ಅದಕ್ಕೆ.

ಫ್ರೀಜರ್ ಕೊಳ್ಳುವ ತಾಕತ್ತಿಲ್ಲದಿದ್ದರೆ ಹಳೆಯ ಮಡಕೆ ವಿಧಾನ ಈಗಲೂ ನಡೆಯುತ್ತದೆ. ಪುಡಿ ಮಾಡಿದ ಮೂರು ಪಾಲು ಐಸಿಗೆ ಒಂದು ಪಾಲು ಕಲ್ಲುಪ್ಪು ಬೆರೆಸಿ ಅಚ್ಚುಗಳನ್ನು ಹೂತಿಡಿ. ಉಪ್ಪು ಐಸನ್ನು ಕರಗಿಸುತ್ತದೆ, ಕರಗಲು ಬೇಕಾದ ಶಾಖವನ್ನು ಐಸು ಸುತ್ತಲಿನಿಂದ ಹೀರುತ್ತದೆ. ಹಾಗಾಗಿ ಉಷ್ಣಾಂಶ ಸೊನ್ನೆಗಿಂತ ಹತ್ತು ಡಿಗ್ರಿಗೂ ಹೆಚ್ಚು ಕೆಳಗಿಳಿಯುತ್ತದೆ. ಆ ಐಸನ್ನು ಮಾತ್ರ ಶರಬತ್ತಿಗೆ ಹಾಕುವ ದುರಾಸೆ ಬೇಡ.

ಎರಡನೆಯದಕ್ಕೆ ಹಲಸು. ಗುಬ್ಬಿ ತಾಲ್ಲೂಕಿನ ಚೇಳೂರಿನ ‘ಸಿದ್ದು’ ಹಲಸನ್ನು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯೇ ಗುರುತಿಸಿದೆ. ಚಿಕ್ಕ ಹಣ್ಣು, ತಾಮ್ರಗೆಂಪು ತೊಳೆ, ಬೆಲೆ ಮಾತ್ರ ದುಬಾರಿ. ಊರಿನ ಬೇರೆ ಕೆಂಪು ಹಲಸೂ ಆದೀತು. ಹಲಸಿಗೆ ಹಾಲು ಸೇರಬಾರದು ಎನ್ನುವ ಅಜ್ಜಿಯರು ಪ್ರತಿ ಬೀದಿಯಲ್ಲೂ ಇದ್ದಾರೆ. ಅವರೊಡನೆ ವಾದಕ್ಕೆ ನಿಲ್ಲಬೇಡಿ, ತೆಂಗಿನ ಹಾಲು ಬಳಸಿ. ತೆಂಗಿನ ಜಿಲ್ಲೆಯಲ್ಲಿ ಅದಕ್ಕೇನು ಬರ? ತೊಳೆ ರುಬ್ಬಿ, ದಪ್ಪ ಕಾಯಿಹಾಲು, ಬೆಲ್ಲ, ಚಿಟಿಕೆ ಉಪ್ಪು ಸೇರಿಸಿ ಅಚ್ಚಿಗೆ ಹುಯ್ಯಿರಿ. ಇದನ್ನು ಐಸ್‌ಕ್ರೀಮ್ ಎಂದು ಬೋರ್ಡಿನಲ್ಲಿ ಬರೆಯುವಂತಿಲ್ಲ. ಆ ಹೆಸರಿಗೆ ಕಾನೂನಿನ ಪ್ರಕಾರ ಹಾಲಿನ ಜಿಡ್ಡು ಬೇಕು. ‘ಹಲಸಿನ ಕ್ಯಾಂಡಿ’ ಅನ್ನಿ, ಸಾಕು. ಹಲಸು ಮುಗಿದ ಮೇಲೆ ಎಳನೀರು ಗಂಜಿಯಿಂದಲೂ ಹೀಗೇ ಮಾಡಬಹುದು.

ಕೈಗೆ ಬರುವ ದುಡ್ಡು

ಸಾಮಗ್ರಿಯ ಖರ್ಚು ಮಾರುವ ಬೆಲೆಯ ಮೂರನೇ ಒಂದು ಪಾಲು ದಾಟದಂತೆ ನೋಡಿಕೊಳ್ಳಿ. ಡೀಸೆಲ್ಲು, ತಟ್ಟೆ-ಕಡ್ಡಿ, ಕರೆಂಟು, ಇನ್ನೊಬ್ಬರ ಕೂಲಿ ಎಲ್ಲ ಉಳಿದದ್ದರಲ್ಲೇ ಬರಬೇಕು. ಇನ್ನೊಬ್ಬರು ಬೇಕೇಬೇಕು, ದುಡ್ಡು ಮುಟ್ಟಿದ ಕೈ ಕುಲ್ಫಿ ಮುಟ್ಟಬಾರದು. ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಿ ಮಾರಲೇಬೇಡಿ. ರಾತ್ರಿ ಕೊನೆಗೆ ಉಳಿದ ಗಟ್ಟಿ ಕುಲ್ಫಿಯನ್ನು ಅಕ್ಕಪಕ್ಕದ ಗಾಡಿಯವರಿಗೆ ಕೊಟ್ಟುಬಿಡಿ. ನಾಳೆ ಜಾಗದ ವಿಷಯ ಬಂದಾಗ ಅವರೇ ನಿಮ್ಮ ಪರ ಮಾತಾಡುತ್ತಾರೆ.

ಶಿವರಾತ್ರಿಯ ಸಿದ್ಧಗಂಗಾ ಜಾತ್ರೆಯಲ್ಲಿ ಶುರು ಮಾಡೋಣ ಎಂಬ ಯೋಚನೆಯಿದ್ದರೆ ಬಿಡಿ, ಆ ನೂಕುನುಗ್ಗಲು ಹೊಸ ಕೈಗೆ ತಡೆಯದು. ಬೇಸಿಗೆಯ ಸಾಮಾನ್ಯ ಸಂಜೆಯಲ್ಲಿ ಆರಂಭಿಸಿ. ಕಾರ್ತಿಕ ಕಳೆದು ಚಳಿ ಹಿಡಿದಾಗ ಫ್ರೀಜರ್ ಇಳಿಸಿ ಕಾವಲಿ ಏರಿಸಿ. ಕಾಯಿ ಒಬ್ಬಟ್ಟು ಗಿರಾಕಿಯ ಮುಂದೆಯೇ ತಟ್ಟಿ, ತುಪ್ಪ ಹಾಕಿ, ಬಾಳೆಲೆ ತುಂಡಿನಲ್ಲಿ ಬಿಸಿಬಿಸಿ ಕೊಟ್ಟರೆ ಸಾಲು ನಿಲ್ಲುತ್ತದೆ. ಆಗ ಮನೆಯ ಸಿಲಿಂಡರ್ ತರಬೇಡಿ. ವ್ಯಾಪಾರಕ್ಕೆಂದು ಕೊಡುವುದೇ ಬೇಕು, ಜೊತೆಗೆ ಕೈಗೆಟುಕುವಂತೆ ಬೆಂಕಿ ಆರಿಸುವ ಸಿಲಿಂಡರ್ ಒಂದು.