‘ಟೂ’ ಬಳಸುವ ಮುನ್ನ
ಇಂಗ್ಲಿಷ್ ಕಲಿಯುತ್ತಿರುವವರು ಗಮನಿಸಿ: ‘ತುಂಬಾ’ ಎನ್ನಬೇಕಾದಲ್ಲೆಲ್ಲ ‘ಟೂ’ ಹಾಕಬೇಡಿ. ಪೆಟ್ಟಿಗೆ ‘ವೆರಿ ಹೆವಿ’ ಎಂದರೆ ಬಹಳ ಭಾರ, ಆದರೂ ಎತ್ತಬಹುದೇನೋ. ‘ಟೂ ಹೆವಿ ಟು ಲಿಫ್ಟ್’ ಎಂದರೆ ಭಾರ ಅತಿಯಾಯಿತು, ಎತ್ತಲಾಗದು. ಮಿತಿ ಮೀರಿದೆ ಎಂಬ ದೂರು ‘ಟೂ’ ಪದದಲ್ಲೇ ಅಡಗಿದೆ.

ಆ ವಾಕ್ಯದ ‘ಟೂ’ ಮತ್ತು ‘ಟು’ ಮೂಲದಲ್ಲಿ ಒಂದೇ ಪದ! ಹಳೆಯ ಇಂಗ್ಲಿಷಿನ ‘ತೋ’ ಎಂಬುದನ್ನು ಒತ್ತಿ ಹೇಳಿದ ರೂಪವೇ ‘ಟೂ’. ‘ಅದರ ಜೊತೆಗೆ, ಇನ್ನೂ ಹೆಚ್ಚಾಗಿ’ ಎಂಬ ಅರ್ಥದಿಂದಲೇ ‘ಅತಿಯಾಗಿ’ ಎಂಬುದೂ ಬೆಳೆಯಿತು. ಎರಡು ‘ಓ’ಗಳ ಕಾಗುಣಿತ ನೆಲೆಯೂರಿದ್ದು 16ನೇ ಶತಮಾನದಿಂದೀಚೆಗೆ. ಜರ್ಮನ್ನಿನಲ್ಲಿ ಇಂದಿಗೂ ‘ತ್ಸು’ ಒಂದೇ ಎರಡೂ ಕೆಲಸ ಮಾಡುತ್ತದೆ. ಬರೆಯುವಾಗ ಗೊಂದಲವಾದರೆ, ಅತಿಯಾದದ್ದಕ್ಕೆ ‘ಓ’ ಕೂಡ ಒಂದು ಹೆಚ್ಚು ಎಂದು ನೆನಪಿಟ್ಟುಕೊಳ್ಳಿ.