ಅಟ್ಟದ ಮನೆಯನ್ನು ಬಾಡಿಗೆಗೆ ಹಿಡಿದ ಬಗೆ

ನಮ್ಮ ಮಂಡ್ಯದ ಊರಮನೆಯಲ್ಲಿ ಅಟ್ಟವೆಂದರೆ ತೆಂಗಿನಕಾಯಿ, ಹಳೆಯ ಕೊಳಗ, ತೂತುಬಿದ್ದ ಹಂಡೆಗಳ ಜಾಗ. ಆದ್ದರಿಂದ ಮೈಸೂರಿನ ಯಾದವಗಿರಿಯಲ್ಲಿ ಲಾಫ್ಟ್ ಮಾದರಿಯ ಮನೆ ಹುಡುಕುತ್ತಿದ್ದೇನೆಂದಾಗ, ಅಟ್ಟದಲ್ಲಿ ಮಲಗುವುದಕ್ಕೂ ಬಾಡಿಗೆಯೇ ಎಂದು ಅಮ್ಮ ನಕ್ಕರು. ನ್ಯೂಯಾರ್ಕಿನ ಸೋಹೊದಲ್ಲಿ ಖಾಲಿಬಿದ್ದ ಕಾರ್ಖಾನೆಗಳಲ್ಲಿ ಕಲಾವಿದರು ವಾಸ ಹೂಡಿದ್ದರಿಂದ ಹೆಸರಾದ ಮಾದರಿಯಿದು. ಇಲ್ಲಿ ನಾನು ಕಂಡವೆಲ್ಲ ಹೊಸದಾಗಿಯೇ ಕಟ್ಟಿದವು: ಎತ್ತರದ ಹಾಲಿನ ನಡುಮಟ್ಟಕ್ಕೆ ಕಬ್ಬಿಣದ ತೊಲೆ ಹೂಡಿ, ಹಲಗೆ ಹಾಸಿ, ಮೇಲೆ ಮಲಗುವ ಜಾಗ ಮಾಡಿರುತ್ತಾರೆ.

ಮೊದಲ ಮನೆಯನ್ನು ಸಂಜೆ ನೋಡಿ ಮರುಳಾಗಿದ್ದೆ. ಅದೃಷ್ಟಕ್ಕೆ ಮುಂಗಡ ಕೊಡುವ ಮುನ್ನ ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಇನ್ನೊಮ್ಮೆ ಹೋಗಿ ಅಟ್ಟ ಹತ್ತಿದೆ. ಬಿಸಿಗಾಳಿ ಮೇಲೇರಿ ಅಲ್ಲಿಯೇ ನಿಂತಿತ್ತು. ಕೈಯೆತ್ತಿ ಮುಟ್ಟಿದರೆ ಆರ್‌ಸಿಸಿ ತಾರಸಿಯ ಒಳಮೈ ಆಗತಾನೆ ಒಲೆಯಿಂದಿಳಿಸಿದ ಕಾವಲಿಯಂತಿತ್ತು. ಕೆಳಗೆ ಸೊಗಸಾಗಿ ತಿರುಗುತ್ತಿದ್ದ ಫ್ಯಾನಿನ ಗಾಳಿ ಮೇಲಕ್ಕೆ ಸುಳಿಯುತ್ತಲೇ ಇರಲಿಲ್ಲ. ಆ ಮನೆಯನ್ನು ಬಿಟ್ಟೆ.

ಎರಡನೆಯದಕ್ಕೆ ಟೇಪು ಹಿಡಿದೇ ಹೋದೆ. ಹಾಲಿನ ಎತ್ತರ 14 ಅಡಿ, ಅಟ್ಟದ ಕೆಳಗೆ ಏಳೂವರೆ, ಹಲಗೆ-ತೊಲೆಗಳ ದಪ್ಪ ಕಳೆದರೆ ಮೇಲೆ ಉಳಿಯುವುದು ಆರು ಅಡಿ. ನಾನು ನೆಟ್ಟಗೆ ನಿಲ್ಲಬಹುದು, ಅಂಗಿ ತೊಡಲು ಕೈಯೆತ್ತಿದರೆ ಗೆಣ್ಣು ತಾರಸಿಗೆ ತಾಕುತ್ತದೆ. ಮಾಲೀಕರು ಅಟ್ಟವನ್ನೂ ಪೂರ್ತಿ ಚದರಡಿಗೆ ಸೇರಿಸಿ ಬಾಡಿಗೆ ಹೇಳಿದ್ದರಿಂದ ಈ ಅಳತೆಯನ್ನೇ ಮುಂದಿಟ್ಟು ಚೌಕಾಸಿ ಮಾಡಿದೆ. ತಾರಸಿಗೆ ಬಿಳಿ ಬಣ್ಣ ಬಳಿಸಿದ್ದರು, ಅಟ್ಟದ ಮಟ್ಟದಲ್ಲಿ ಎದುರುಬದುರಾಗಿ ಎರಡು ಗವಾಕ್ಷಿಗಳಿದ್ದವು. ನಾನು ಒಪ್ಪಿದ್ದೇ ಅವುಗಳಿಗಾಗಿ. ಗೋಡೆಯಿಲ್ಲದ ಮಲಗುವ ಕೋಣೆಗೆ ಒಗ್ಗರಣೆಯ ಘಾಟು ನೇರವಾಗಿ ಏರುತ್ತದೆಂಬುದು ಮೊದಲ ವಾರದಲ್ಲೇ ತಿಳಿಯಿತು, ಎಕ್ಸಾಸ್ಟ್ ಫ್ಯಾನ್ ಹಾಕಿಸಿಕೊಂಡೆ.

ಕರಾರು ಎಲ್ಲರಂತೆ 11 ತಿಂಗಳದು, ಏಕೆಂದರೆ 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ವಿದ್ಯುತ್ ಕಂಪನಿ ಚೆಸ್ಕಾಂನ ಹಳೆಯ ಬಾಕಿಯಿಲ್ಲವೆಂದು ಮನೆಯ ವಿದ್ಯುತ್ ಸಂಪರ್ಕದ ಆರ್‌ಆರ್ ನಂಬರ್ ಹಾಕಿ ನೋಡಿಕೊಂಡೆ. ಹೆಚ್ಚು ಜಗ್ಗಾಡಿದ್ದು ಬಣ್ಣದ ವಿಚಾರಕ್ಕೆ. ಮನೆ ಬಿಡುವಾಗ ಒಂದು ತಿಂಗಳ ಬಾಡಿಗೆಯನ್ನು ಬಣ್ಣಕ್ಕೆಂದು ಮುರಿದುಕೊಳ್ಳುವುದು ರೂಢಿ, ಆದರೆ 14 ಅಡಿಯ ಗೋಡೆಗೆ ಸಾರವೆ ಕಟ್ಟಬೇಕೆಂದು ಮಾಲೀಕರು ಎರಡು ತಿಂಗಳದ್ದು ಕೇಳಿದರು. ಕೊನೆಗೆ ಏಳು ಅಡಿಯವರೆಗಿನ ಬಣ್ಣ ನನ್ನದು, ಅದರ ಮೇಲಿನದು ಅವರದು ಎಂದು ಕರಾರಿನಲ್ಲಿ ಬರೆಸಿ ಸಹಿ ಹಾಕಿದೆ.