ಸ್ಲೈಡಿಂಗ್ ಸ್ಕೇಲ್ ಇನ್ಸುಲಿನ್ ಡೆಲಿಗೇಶನ್: ನನ್ನ ಅನುಭವ

ವಾಷಿಂಗ್ಟನ್ ರಾಜ್ಯದ ಅಡಲ್ಟ್ ಫ್ಯಾಮಿಲಿ ಹೋಮ್‌ಗಳಲ್ಲಿ (ಕೆಲವೇ ಜನರನ್ನು ಇಟ್ಟುಕೊಂಡು ಆರೈಕೆ ಮಾಡುವ ಮನೆಗಳಲ್ಲಿ) ಡೆಲಿಗೇಶನ್ ಮಾಡುವ, ಅಂದರೆ ನರ್ಸಿಂಗ್ ಕೆಲಸವನ್ನು ಕೇರ್‌ಗಿವರ್‌ಗೆ ಕಲಿಸಿ ಒಪ್ಪಿಸುವ ನರ್ಸ್‌ಗಳೂ ಸ್ಲೈಡಿಂಗ್ ಸ್ಕೇಲ್ (ಆ ಹೊತ್ತಿನ ಶುಗರ್ ರೀಡಿಂಗ್ ನೋಡಿ ಇನ್ಸುಲಿನ್ ಡೋಸ್ ಬದಲಿಸುವ ಪಟ್ಟಿ) ಅಂದರೆ ಹಿಂದೇಟು ಹಾಕುತ್ತಾರೆ. ‘ಡೋಸ್ ಹೊತ್ತುಹೊತ್ತಿಗೂ ಬದಲಾದರೆ ಪೇಷಂಟ್ ಸ್ಟೇಬಲ್ ಅಂತ ಹೇಗೆ ಬರೀತೀರಿ?’ ಎಂದು ನನ್ನನ್ನೂ ಕೇಳಿದರು. ಡೆಲಿಗೇಶನ್‌ಗೆ ಬೇಕಾದ ‘ಸ್ಟೇಬಲ್’ ಅಂದರೇನು ಎಂಬ ನಿಯಮದ ವ್ಯಾಖ್ಯೆಯಲ್ಲೇ ಸ್ಲೈಡಿಂಗ್ ಸ್ಕೇಲ್‌ನವರೂ ಸೇರಬಹುದು ಎಂದಿದೆ, ಓದಿದವರು ಕಡಿಮೆ. ಈಗ ನನ್ನ ಪಟ್ಟಿಯಲ್ಲಿ ಅಂಥವರು ಹತ್ತೋ ಹನ್ನೊಂದೋ.

ನನ್ನ ಮೊದಲ ಎರಡು ಡೆಲಿಗೇಶನ್ ಕೆಟ್ಟಿದ್ದು ಕೇರ್‌ಗಿವರ್‌ಗೆ ಬರೆದುಕೊಡುವ ಸೂಚನಾ ಪತ್ರದಿಂದ. ‘ಶುಗರ್ ಕಡಿಮೆಯಿದ್ದರೆ ಕೊಡಬೇಡಿ’ ಎಂದು ಬರೆದಿದ್ದೆ. ಎಷ್ಟಾದರೆ ಕಡಿಮೆ? ಕೇರ್‌ಗಿವರ್ ತೀರ್ಮಾನಿಸಿದರೆ ಅದು ಅಸೆಸ್‌ಮೆಂಟ್, ಅಂದರೆ ನರ್ಸೇ ಮಾಡಬೇಕಾದ ಮೌಲ್ಯಮಾಪನ. ಅದನ್ನು ಬೇರೆಯವರಿಗೆ ಒಪ್ಪಿಸುವ ಹಾಗಿಲ್ಲ. ಈಗ ಪತ್ರದ ತುಂಬ ಅಂಕಿಗಳೇ. ಶುಗರ್ 70ಕ್ಕಿಂತ (mg/dL) ಕೆಳಗೆ: ಇನ್ಸುಲಿನ್ ಇಲ್ಲ, 15 ಗ್ರಾಂ ಸಕ್ಕರೆ, 15 ನಿಮಿಷ ಬಿಟ್ಟು ಮತ್ತೆ ಟೆಸ್ಟ್, ನನಗೆ ಫೋನ್. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 911ಕ್ಕೆ (ತುರ್ತು ಸಹಾಯ) ಫೋನ್. ಡಾಕ್ಟರ ಒಂದು ಆರ್ಡರ್‌ನಲ್ಲಿ ಶುಗರ್ 150–200ಕ್ಕೆ ಒಂದು ಸಾಲು, 200–250ಕ್ಕೆ ಇನ್ನೊಂದು ಎಂದಿತ್ತು. ಸರಿಯಾಗಿ 200 ಬಂದರೆ ಯಾವ ಸಾಲು? ಡಾಕ್ಟರಿಂದ ತಿದ್ದಿಸಿ ತಂದ ಮೇಲೇ ಸಹಿ ಹಾಕಿದ್ದು.

ಡೆಲಿಗೇಶನ್‌ನ 9 ಗಂಟೆಯ ಕೋರ್ (ಮೂಲ) ತರಬೇತಿ, 3 ಗಂಟೆಯ ಡಯಾಬಿಟಿಸ್ ತರಬೇತಿ, ಎರಡರ ಸರ್ಟಿಫಿಕೇಟೂ ಕೈಗೆ ಬರದೆ ಕೇರ್‌ಗಿವರ್‌ಗೆ ಇನ್ಸುಲಿನ್ ಪೆನ್ ಮುಟ್ಟಲು ಬಿಡುವುದಿಲ್ಲ. ಡೆಲಿಗೇಶನ್ ಒಬ್ಬ ಪೇಷಂಟ್‌ಗೆ, ಒಬ್ಬ ಕೇರ್‌ಗಿವರ್‌ಗೆ. ರಾತ್ರಿಯವರು ಬೆಳಗಿನವರಿಗೆ ಕಲಿಸಿಕೊಟ್ಟರೆ ಅದು ಲೆಕ್ಕಕ್ಕಿಲ್ಲ.

ಕೈ ತಪ್ಪುವುದು ಹೆಚ್ಚಾಗಿ ಎರಡೇ ಕಡೆ. ಹೊಸ ಸೂಜಿ ಹಾಕಿ 2 ಯೂನಿಟ್ ಹೊರಗೆ ಬಿಟ್ಟು ನೋಡುವುದಿಲ್ಲ. ಬಟನ್ ಒತ್ತಿದ ತಕ್ಷಣ ಸೂಜಿ ಎಳೆದುಬಿಡುತ್ತಾರೆ. ಚರ್ಮದ ಮೇಲೆ ಹನಿ ನಿಂತಿದ್ದರೆ ಡೋಸ್ ಪೂರ್ತಿ ಹೋಗಿಲ್ಲ. ಬಾಯಿಬಿಟ್ಟು ಹತ್ತರವರೆಗೆ ಎಣಿಸಿಸುತ್ತೇನೆ.

ಮೊದಲ ನಾಲ್ಕು ವಾರ ವಾರಕ್ಕೊಮ್ಮೆ ಹೋಗಲೇಬೇಕು ಅನ್ನುವುದು ನನ್ನ ಪದ್ಧತಿ. ಒಂದು ಮನೆಗೆ ಕಾರಿನ ಪೆಟ್ರೋಲ್‌ಗೇ 60 ಡಾಲರ್ ಹತ್ತಿರ ಹೋಗುತ್ತಿತ್ತು. ಶಿಫ್ಟ್ ಬದಲಾಗುವ ಹೊತ್ತಿಗೆ ಹೋಗಿ ಎರಡೂ ಶಿಫ್ಟಿನ ಕೇರ್‌ಗಿವರ್‌ಗಳನ್ನು ಒಟ್ಟಿಗೆ ನೋಡತೊಡಗಿದ ಮೇಲೆ ಅರ್ಧಕ್ಕೆ ಇಳಿಯಿತು.

ನಡುವೆ ಯಾವ ರೀಡಿಂಗ್‌ಗೆ ಎಷ್ಟು ಡೋಸ್ ಎಂಬುದಕ್ಕೆ ಬಣ್ಣದ ಚಾರ್ಟ್ ಪ್ರಯತ್ನಿಸಿದೆ. ಅಡುಗೆಮನೆಯ ದೀಪಕ್ಕೆ ಹಳದಿ, ಕಿತ್ತಳೆ ಎರಡೂ ಒಂದೇ ಕಂಡವು, ಕಿತ್ತು ಹಾಕಿದೆ.

ಮೂರನೇ ಭೇಟಿಯಲ್ಲಿ ಪರೀಕ್ಷೆಗೆಂದು ಕೇರ್‌ಗಿವರ್‌ಗೆ ಒಂದು ಸುಳ್ಳು ಶುಗರ್ ರೀಡಿಂಗ್ ಕೊಡುತ್ತೇನೆ. ಎಷ್ಟು ಅಂತ ಬರೆಯುವುದಿಲ್ಲ. ಇದನ್ನು ಕೇರ್‌ಗಿವರ್‌ಗಳೂ ಓದುತ್ತಾರೆ.